ಗುರುತು ಹಾಕಿದರೆ ಸಾಕೇ?

ಕಟ್ಟಡದ ನಕ್ಷೆಯನ್ನು ಈಗ ರೆವಿಟ್‌ನಂಥ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಾರೆ. ಅದರಲ್ಲಿ ಪೈಪು ಬರೀ ಗೆರೆಯಲ್ಲ. ವ್ಯಾಸ, ಇಳಿಜಾರು, ಕುಡಿಯುವ ನೀರಿನದ್ದೋ ಕೊಳೆನೀರಿನದ್ದೋ ಎಂಬ ಮಾಹಿತಿ ಅದರೊಳಗೇ ಇರುತ್ತದೆ. ಪೈಪಿಗೆ ಟ್ಯಾಗ್ ಹಾಕಿದರೆ ಅದು ಆ ಮಾಹಿತಿಯನ್ನೇ ಓದಿ ತೋರಿಸುತ್ತದೆ. 75 ಮಿ.ಮೀ. ಪೈಪನ್ನು 110 ಮಾಡಿ ನೋಡಿ, ಟ್ಯಾಗೂ 110 ಆಗುತ್ತದೆ. ಪಕ್ಕದಲ್ಲಿ ನಾವೇ '75' ಎಂದು ಟೈಪ್ ಮಾಡಿದ್ದರೆ? ಅದು ಹಾಗೇ ಕೂತಿರುತ್ತದೆ. ಅದನ್ನು ನಂಬಿ ಗೋಡೆಯಲ್ಲಿ ಬಿಟ್ಟ ತೂತಿನಲ್ಲಿ 110ರ ಪೈಪು ತೂರುವುದಿಲ್ಲ.

ನಮ್ಮ ತರಗತಿಯ ಚಿತ್ರಗಳ ಕತೆಯೂ ಇದೇ ಅಲ್ವಾ? ಮಕ್ಕಳು ಬೋರ್ಡು ನೋಡಿ ಹೃದಯದ ಭಾಗಗಳ ಹೆಸರು ಬರೆಯುತ್ತಾರೆ. ಬಾಣ ಬೇರೆ ಕಡೆಗೆ ಜಾರಿದರೂ ಅವರಿಗೆ ಗೊತ್ತಾಗೋದಿಲ್ಲ. ನಾವೂ ಹೆಸರು ಸರಿಯಿದೆ ಅಂತ ಮಾರ್ಕು ಕೊಡುತ್ತೇವೆ.

ಒಂದು ದಿನ ಶಾಲೆಯ ಟ್ಯಾಂಕಿನಿಂದ ನಳ್ಳಿಯವರೆಗೆ ಮಕ್ಕಳನ್ನು ನಡೆಸಿ. ಪೈಪಿನ ಸುತ್ತಳತೆಯನ್ನು ದಾರದಲ್ಲಿ ಅಳೆದು, 3.14ರಿಂದ ಭಾಗಿಸಿ, ಬಂದ ಹೊರವ್ಯಾಸವನ್ನು ತಮ್ಮ ನಕ್ಷೆಯಲ್ಲಿ ಬರೆಯಲಿ. ಪೈಪು ಬದಲಾದ ದಿನ ನಕ್ಷೆಯನ್ನೂ ತಿದ್ದಲಿ. ಮುಂದೆ ಐಟಿಐಗೋ ಡಿಪ್ಲೊಮಾಗೋ ಹೋದಾಗ ಇಂಗ್ಲಿಷಿನ ಬಟನ್‌ಗಳನ್ನು ಒಂದು ವಾರದಲ್ಲಿ ಕಲಿತಾರು. ಗುರುತಿಗೂ ವಸ್ತುವಿಗೂ ನಂಟಿರಬೇಕು ಎಂಬುದನ್ನು ಮಾತ್ರ ನಾವು ಈಗಲೇ, ಕನ್ನಡದಲ್ಲೇ ಕಲಿಸಿಬಿಡೋಣ.