ಅಂಬಾಸಿಡರ್ ಕಾರಿಗೆ ಒದ್ದೆ ಬಟ್ಟೆ

“ಅಜ್ಜ, ಕಾರಿಗೂ ಜ್ವರ ಬರ್ತಿತ್ತಾ?” ಎಂದಳು ಮೊಮ್ಮಗಳು. ಹಿಂದೆ ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಅಂಬಾಸಿಡರ್, ಫಿಯೆಟ್ ಕಾರುಗಳು ನಿಂತುಬಿಡುತ್ತಿದ್ದವು, ಡ್ರೈವರ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಎಂದು ನಾನು ಹೇಳಿದ್ದೆ. ಈ ಪುಟ ಓದುವ ಅಜ್ಜ ಅಜ್ಜಿಯರಲ್ಲಿ ಕೆಲವರಾದರೂ ಹಾಗೆ ರಸ್ತೆಬದಿಯಲ್ಲಿ ಕಾದು ಕೂತಿರಬಹುದು.

ಮಕ್ಕಳೇ, ಅದು ಪೆಟ್ರೋಲಿಗೆ ಬಂದ ಜ್ವರ! ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು. ಪೆಟ್ರೋಲ್ ಹಲವು ದ್ರವಗಳ ಮಿಶ್ರಣ. ಅದರಲ್ಲಿರುವ ಹಗುರ ಭಾಗಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಹಳೆಯ ಕಾರುಗಳಲ್ಲಿ ಪಂಪ್ ಇದ್ದದ್ದು ಬಿಸಿ ಎಂಜಿನ್ನಿನ ಮೈಗೇ ಅಂಟಿಕೊಂಡು. ಹಿಂದಿನ ಟ್ಯಾಂಕಿನಿಂದ ಅದು ಪೆಟ್ರೋಲನ್ನು ಹೀರಿಕೊಳ್ಳಬೇಕು. ಹೀರಿದಾಗ ಕೊಳವೆಯೊಳಗೆ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದರೆ ಇನ್ನೂ ಬೇಗ ಕುದಿಯುತ್ತದೆ. ಎಳನೀರು ಮುಗಿಯುತ್ತಾ ಬಂದಾಗ ಸ್ಟ್ರಾದಲ್ಲಿ ಬರೀ ಸುರ್‌ಸುರ್ ಶಬ್ದ ಬರುತ್ತದಲ್ಲ, ಪಂಪಿನ ಪಾಡೂ ಅದೇ. ಬರೀ ಆವಿ ಸಿಕ್ಕಿ ಎಂಜಿನ್ ಉಪವಾಸ ಬೀಳುತ್ತಿತ್ತು. ಮೆಕ್ಯಾನಿಕ್ಕುಗಳು ಇದನ್ನು ವೇಪರ್ ಲಾಕ್ ಎನ್ನುತ್ತಾರೆ.

ಕಾಫಿಗೆಂದು ನಿಲ್ಲಿಸಿದ ಮೇಲೆ ಈ ಕಾಟ ಇನ್ನೂ ಹೆಚ್ಚು. ಫ್ಯಾನೂ ಇಲ್ಲ, ಎದುರುಗಾಳಿಯೂ ಇಲ್ಲ. ಎಂಜಿನ್ನಿನ ಕಾವೆಲ್ಲ ಪಂಪಿಗೇ. ಒದ್ದೆ ಬಟ್ಟೆಯ ನೀರು ಆರುತ್ತಾ ಆ ಕಾವನ್ನು ಹೊತ್ತೊಯ್ಯುತ್ತಿತ್ತು. ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದೂ ಹೀಗೆಯೇ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದು ಹೀರುವುದಿಲ್ಲ, ಒತ್ತಡ ಹಾಕಿ ತಳ್ಳುತ್ತದೆ. ಹಾಗಾಗಿ ಪೆಟ್ರೋಲ್ ಸುಲಭಕ್ಕೆ ಕುದಿಯದು. ಪಂಪನ್ನು ತಂಪಾಗಿಡುವುದೂ ಸುತ್ತಲಿನ ಪೆಟ್ರೋಲೇ; ಸದಾ ರಿಸರ್ವಿನಲ್ಲೇ ಓಡಿಸುವ ಜಿಪುಣತನ ಅದಕ್ಕೆ ಒಗ್ಗುವುದಿಲ್ಲ.

ಪ್ರತಿ ಬೇಸಿಗೆಗೂ ವಾಟ್ಸಾಪಿನಲ್ಲಿ ಒಂದು ಸಂದೇಶ ಬರುತ್ತದೆ: ‘ಟ್ಯಾಂಕ್ ಫುಲ್ ಮಾಡಿಸಿದರೆ ಬಿಸಿಲಿಗೆ ಸಿಡಿಯುತ್ತದೆ!’ ನಂಬಬೇಡಿ. 10 ಡಿಗ್ರಿ ಕಾವೇರಿದರೆ ಪೆಟ್ರೋಲ್ ಹಿಗ್ಗುವುದು ನೂರಕ್ಕೆ ಒಂದು ಪಾಲಿನಷ್ಟು. 40 ಲೀಟರಿಗೆ ಅರ್ಧ ಲೀಟರೂ ಆಗದು. ಅದಕ್ಕೆಂದೇ ಟ್ಯಾಂಕಿನಲ್ಲಿ ಜಾಗ ಬಿಟ್ಟಿರುತ್ತಾರೆ. ಬಂಕಿನಲ್ಲಿ ನಾಜಲ್ ‘ಟಕ್’ ಎಂದು ನಿಂತ ಮೇಲೆ “ಇನ್ನೊಂಚೂರು ಹಾಕಪ್ಪ” ಎನ್ನದಿದ್ದರೆ ಸಾಕು. ಕಿಡಿ ಸೋಕದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗೂ ಮೀರಿದ ಶಾಖ ಬೇಕು. ನಮ್ಮ ಬಿಸಿಲಿಗೆ ಅಷ್ಟು ಶಕ್ತಿಯಿಲ್ಲ.

ಆದರೆ ಕಿಡಿ ಸಿಕ್ಕಿತೋ, ಚಳಿಗಾಲದಲ್ಲೂ ಪೆಟ್ರೋಲ್ ಬಿಡುವುದಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ, ಬಿಸಿಲಲ್ಲಿ ಇನ್ನೂ ಹೆಚ್ಚು. ನನಗೆ ಭಯವಾಗುವುದು ಕಾರಿನ ಟ್ಯಾಂಕ್ ಕಂಡಲ್ಲ, ಸ್ಕೂಟರಿಗೆಂದು ನೀರಿನ ಬಾಟಲಿಯಲ್ಲಿ ತಂದು ಬಾಗಿಲ ಹಿಂದೆ ಇಟ್ಟ ಪೆಟ್ರೋಲ್ ಕಂಡು. ಮನೆಯಲ್ಲಿ ಅಂಥ ಬಾಟಲಿ ಕಂಡರೆ, ಮಕ್ಕಳೇ, ಮುಟ್ಟಬೇಡಿ. ಅಪ್ಪನನ್ನೋ ಅಜ್ಜನನ್ನೋ ಕರೆದು ತೋರಿಸಿ. ಸಡಿಲ ಮುಚ್ಚಳದಿಂದ ಹೊರಟ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ, ಕಣ್ಣಿಗೆ ಕಾಣದಂತೆ ನೆಲಕ್ಕಂಟಿ ಹರಿಯುತ್ತಾ, ಆಚೆ ದೇವರ ಮನೆಯ ದೀಪದವರೆಗೂ ಹೋಗಬಲ್ಲದು.