ಚೀಟಿಯಿಲ್ಲದ ಮಾತ್ರೆ

ಸಿ.ಎಸ್. ಪುರದ ಕಡೆಯ ತೆಂಗು, ಅಡಿಕೆ ತೋಟಗಳಲ್ಲಿ ದುಡಿಯುವವರಿಗೆ ಸೊಂಟನೋವು ಹೊಸದಲ್ಲ. ನೋವಿಗೆ ಮದ್ದು ಬೇಡವೆಂದು ನಾನು ಹೇಳುತ್ತಿಲ್ಲ. ವೈದ್ಯರ ಚೀಟಿಯಿಲ್ಲದೆ ಟ್ರಮಡಾಲ್ ಮಾರುವ ಅಂಗಡಿಕಾರರನ್ನು ಕೇಳುತ್ತೇನೆ: ಇದು ವ್ಯಾಪಾರವೇ? ಅಫೀಮಿನಂತೆಯೇ ಮಿದುಳಿನ ಮೇಲೆ ವರ್ತಿಸುವ ಔಷಧವದು. ದಿನ ಕಳೆದಂತೆ ಒಂದು ಮಾತ್ರೆ ಸಾಲದಾಗುತ್ತದೆ. ಬಿಟ್ಟರೆ ಮೈಕೈ ನೋವು, ಬೆವರು, ನಿದ್ರಾಹೀನತೆ. ರೋಗಿ ಅದನ್ನು ಹಳೆಯ ನೋವೆಂದೇ ಭ್ರಮಿಸಿ ಮತ್ತೆ ಅಂಗಡಿಗೆ ಬರುತ್ತಾನೆ. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ತಂದಿತು. ನಮಗೆ ಆ ಕಾಯಿದೆಯೇ ಬೇಕಿತ್ತೆ? ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದಲ್ಲವೆ? "ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ" ಎಂಬ ಸಮಾಧಾನವನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಾನೂ ಬಲ್ಲೆ. ಅದು ಕಳ್ಳಲೆಕ್ಕ. ಚೀಟಿ ಕೇಳಿರಿ. ಈಗಾಗಲೇ ಚಟಕ್ಕೆ ಸಿಲುಕಿದವನನ್ನು ಗದರಿ ಅಟ್ಟದೆ ವೈದ್ಯರಲ್ಲಿಗೆ ಕಳುಹಿಸಿರಿ. ಅವನು ಒಮ್ಮೆಲೇ ಬಿಡದೆ ಅವರ ಸಲಹೆಯಂತೆ ಕ್ರಮೇಣ ಕಡಿಮೆ ಮಾಡಬೇಕು.