ಆಟ ಮುಂದೂಡಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ಮಂಕಿ (ಹೊನ್ನಾವರ): ವಿಡಿಯೋ ಗೇಮ್ ಉದ್ಯಮದಲ್ಲಿ ಬಿಡುಗಡೆಯ ದಿನಾಂಕ ಎಂಬುದು ವಾಗ್ದಾನವಲ್ಲ, ಬರೀ ಅಂದಾಜು. ಜಪಾನಿನ ನಿಂಟೆಂಡೊ ಕಂಪನಿ 2017ರ ಜೂನ್‌ನಲ್ಲಿ ಘೋಷಿಸಿದ ‘ಮೆಟ್ರಾಯ್ಡ್ ಪ್ರೈಮ್ 4’ ಆಟ ಗ್ರಾಹಕರ ಕೈ ಸೇರಿದ್ದು 2025ರ ಡಿಸೆಂಬರ್ 4ರಂದು. ಘೋಷಣೆಯ ವರ್ಷ ಎಂಟನೇ ತರಗತಿಗೆ ಕಾಲಿಟ್ಟ ವಿದ್ಯಾರ್ಥಿ, ಆಟ ಬರುವಷ್ಟರಲ್ಲಿ ಪದವಿಯನ್ನೇ ಮುಗಿಸಿರಬಹುದು.

ಕೊಲ್ಲಿ ರಾಷ್ಟ್ರಗಳೊಂದಿಗೆ ದಶಕಗಳ ನಂಟು ಹೊಂದಿರುವ ಮಂಕಿ, ಭಟ್ಕಳದಂತಹ ಊರುಗಳಿಗೆ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳು ಹೊಸತಲ್ಲ. ರಜೆಗೆ ಬರುವ ಬಂಧುಗಳ ಸೂಟ್‌ಕೇಸಿನಲ್ಲಿ ಅವೂ ಬರುತ್ತವೆ. ಯಂತ್ರ ಬಂದರೂ ಅದರಲ್ಲಿ ಆಡಬೇಕೆಂದಿದ್ದ ಆಟ ಮಾತ್ರ ಬರುವುದಿಲ್ಲ. ಹಣಕ್ಕಾಗಲಿ, ತಂತ್ರಜ್ಞರಿಗಾಗಲಿ ಕೊರತೆಯಿಲ್ಲದ ಕಂಪನಿಗಳು ತಮ್ಮದೇ ಆಟವನ್ನು ಏಕೆ ತಡೆಹಿಡಿಯುತ್ತವೆ? ‘ಕೆಲಸ ಮುಗಿದಿಲ್ಲ’ ಎಂಬುದು ಸಿದ್ಧ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ.

ಲಾಭ ಯಂತ್ರದಲ್ಲಿಲ್ಲ

ಕನ್ಸೋಲ್ ವ್ಯಾಪಾರದ ಗಣಿತವೇ ಬೇರೆ. ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ಎಂದೂ ಲಾಭ ಗಳಿಸಿಲ್ಲ ಎಂದು ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು 2021ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಿದ್ದರು. ಹಣ ಬರುವುದು ಆಟಗಳಿಂದ. ತನ್ನ ವೇದಿಕೆಯಲ್ಲಿ ಇತರರು ಮಾರುವ ಆಟಗಳಲ್ಲೂ ಕನ್ಸೋಲ್ ಕಂಪನಿಗೆ ಸಾಮಾನ್ಯವಾಗಿ ಸುಮಾರು ಶೇ 30ರಷ್ಟು ಪಾಲು ದೊರೆಯುತ್ತದೆ.

ಆದ್ದರಿಂದ ಸ್ವಂತ ಆಟವೆಂಬುದು ಸರಕು ಮಾತ್ರವಲ್ಲ, ಗ್ರಾಹಕನನ್ನು ಯಂತ್ರದತ್ತ ಸೆಳೆಯುವ ಗಾಳವೂ ಹೌದು. ಅದು ಒಂದು ವರ್ಷ ತಡವಾದರೂ ಇತರರ ಆಟಗಳ ಪಾಲು ಬರುತ್ತಲೇ ಇರುತ್ತದೆ. ಕಾಯುವ ಶಕ್ತಿ ಈ ಕಂಪನಿಗಳಿಗಿರುವುದು ಹೀಗೆ.

ಅರೆಬೆಂದ ಆಟದ ದಂಡ

ಕಾಯದೆ ಅವಸರಿಸಿದರೆ ಏನಾಗುತ್ತದೆ ಎಂಬುದಕ್ಕೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ ‘ಸೈಬರ್‌ಪಂಕ್ 2077’ ನಿದರ್ಶನ. ಒಂದೇ ವರ್ಷದಲ್ಲಿ ಮೂರು ಬಾರಿ ಮುಂದೂಡಲ್ಪಟ್ಟು 2020ರ ಡಿಸೆಂಬರ್ 10ರಂದು ಹೊರಬಂದ ಆಟ ಹಳೆಯ ಕನ್ಸೋಲ್‌ಗಳಲ್ಲಿ ಮುಗ್ಗರಿಸಿತು. ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದಲೇ ತೆಗೆದು, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ.

ಮೈಕ್ರೋಸಾಫ್ಟ್ ಆಯ್ದುಕೊಂಡದ್ದು ಇನ್ನೊಂದು ಹಾದಿ. 2020ರ ಜುಲೈನಲ್ಲಿ ಪ್ರದರ್ಶಿಸಿದ ‘ಹೇಲೋ ಇನ್ಫಿನಿಟ್’ ತುಣುಕಿನ ಚಿತ್ರಣದ ಗುಣಮಟ್ಟ ಟೀಕೆಗೆ ಗುರಿಯಾಯಿತು. ಮರುತಿಂಗಳೇ ಆಟವನ್ನು ಮುಂದೂಡಲಾಯಿತು. ನವೆಂಬರ್ 10ರಂದು ಹೊಸ ಎಕ್ಸ್‌ಬಾಕ್ಸ್ ತನ್ನ ಪ್ರಮುಖ ಆಟವಿಲ್ಲದೆಯೇ ಮಾರುಕಟ್ಟೆಗೆ ಬಂತು; ಆಟ ಬಂದದ್ದು 2021ರ ಡಿಸೆಂಬರ್ 8ರಂದು. ಚೌಕಿಯಲ್ಲಿ ಬಣ್ಣ ಮುಗಿಯದ ವೇಷವನ್ನು ರಂಗಕ್ಕೆ ಕಳುಹಿಸಿದರೆ ಹೆಸರು ಕೆಡುವುದು ಇಡೀ ಮೇಳದ್ದು ಎಂಬ ತರ್ಕವೇ ಇಲ್ಲಿಯೂ ಕೆಲಸ ಮಾಡಿದೆ.

ಮುಹೂರ್ತದ ಲೆಕ್ಕ

ಗುಣಮಟ್ಟದ ಜೊತೆಗೆ ಕಾಲದ ಲೆಕ್ಕವೂ ಇದೆ. 2015ಕ್ಕೆ ಬರಬೇಕಿದ್ದ ನಿಂಟೆಂಡೊದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಮೊದಲು 2016ಕ್ಕೆ, ಆನಂತರ 2017ಕ್ಕೆ ಸರಿಯಿತು. ಕೊನೆಗೆ ಹಳೆಯ ವೀ ಯು ಯಂತ್ರದ ಜೊತೆಗೆ, ಅದೇ ದಿನ ಅಂಗಡಿಗೆ ಬಂದ ಹೊಸ ‘ಸ್ವಿಚ್’ ಯಂತ್ರದಲ್ಲೂ ಬಿಡುಗಡೆಯಾಯಿತು. ದಿನಾಂಕ 2017ರ ಮಾರ್ಚ್ 3. ತಡವಾದ ಆಟವೇ ಹೊಸ ಯಂತ್ರದ ಮುಖ್ಯ ಆಕರ್ಷಣೆಯಾಯಿತು. ಅದರ ಮುಂದಿನ ಕಂತು 2022ರ ಬದಲು 2023ರ ಮೇ 12ರಂದು ಬಂದು, ಮೂರೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು.

ಕೆಲವೊಮ್ಮೆ ಅಡ್ಡಿ ಬರುವುದು ಹೊರಗಿನಿಂದ. ಸೋನಿಯ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ಆಟವನ್ನು 2020ರ ಏಪ್ರಿಲ್‌ನಲ್ಲಿ ಅನಿರ್ದಿಷ್ಟಾವಧಿಗೆ ತಡೆಹಿಡಿದದ್ದು ಕೊರೊನಾ ಕಾಲದ ಸಾಗಣೆ ತೊಡಕಿನಿಂದ. ಅದು ಜೂನ್ 19ರಂದು ಬಿಡುಗಡೆಯಾಯಿತು.

ಬೆಂಗಳೂರಿನ ಪಾಲು

ಈ ಕತೆ ಟೋಕಿಯೊ, ಸಿಯಾಟಲ್‌ಗಳಿಗೆ ಮುಗಿಯುವುದಿಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್, ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರ, ಮಾದರಿಗಳನ್ನು ರೂಪಿಸಿ ಹೆಸರಾಯಿತು. 2019ರಲ್ಲಿ ಅದನ್ನು ಖರೀದಿಸಿದ ರಾಕ್‌ಸ್ಟಾರ್ ಗೇಮ್ಸ್ ತನ್ನ ಬೆಂಗಳೂರು ಸ್ಟುಡಿಯೋದೊಂದಿಗೆ ವಿಲೀನಗೊಳಿಸಿತು. ಕನ್ಸೋಲ್ ತಯಾರಕನಲ್ಲದ ರಾಕ್‌ಸ್ಟಾರ್ ಕೂಡ ‘ಗ್ರ್ಯಾಂಡ್ ಥೆಫ್ಟ್ ಆಟೊ 6’ ಆಟವನ್ನು 2025ರಿಂದ 2026ರ ಮೇಗೆ, ಅಲ್ಲಿಂದ 2026ರ ನವೆಂಬರ್ 19ಕ್ಕೆ ಮುಂದೂಡಿತ್ತು.

ಗುತ್ತಿಗೆ ಕೆಲಸದ ಸ್ಟುಡಿಯೋಗಳಿಗೆ ಹಣ ಬರುವುದು ಹಂತ ಹಂತವಾಗಿ. ಹಂತವೊಂದು ಮುಂದಕ್ಕೆ ಹೋದರೆ ಪಾವತಿಯೂ ಮುಂದಕ್ಕೆ. ಬಾಡಿಗೆ, ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ. ದೂರದ ತಡ ಇಲ್ಲಿ ಹೇಗೆ ಬಡಿಯಬಲ್ಲದು ಎಂಬುದನ್ನು ಸೋದರ ಉದ್ಯಮವಾದ ಸಿನಿಮಾ ದೃಶ್ಯಪರಿಣಾಮ ಕ್ಷೇತ್ರ ತೋರಿಸಿದೆ. ಹಾಲಿವುಡ್ ಬರಹಗಾರರ 2023ರ ಮುಷ್ಕರದಿಂದ ಕೆಲಸದ ಆದೇಶಗಳು ಕುಂಠಿತಗೊಂಡದ್ದೂ ಟೆಕ್ನಿಕಲರ್ ಸಮೂಹದ ಬಿಕ್ಕಟ್ಟಿಗೆ ಒಂದು ಕಾರಣವಾಯಿತು. 2025ರ ಫೆಬ್ರುವರಿಯಲ್ಲಿ ಅದು ಕುಸಿದಾಗ ಬೆಂಗಳೂರಿನ ಕಚೇರಿಯೂ ಮುಚ್ಚಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು 2012ರಲ್ಲೇ ನೀತಿ ರೂಪಿಸಿದ, 2024ರಲ್ಲಿ ಅದನ್ನು ನವೀಕರಿಸಿದ ರಾಜ್ಯ ಸರ್ಕಾರ ಗಮನಿಸಬೇಕಾದ ಅಂಶವಿದು. ಪರರ ಆಟಕ್ಕೆ ದುಡಿಯುವವರೆಗೆ ಪರರ ಪಂಚಾಂಗವೇ ಗತಿ.

ಕಾಯುವವರ ಸಾಲಿನ ಕೊನೆಯಲ್ಲಿ

ಗ್ರಾಹಕರ ಸರದಿಯಲ್ಲಿ ಭಾರತ ಇನ್ನೂ ಹಿಂದೆ. ಅಮೆರಿಕ, ಜಪಾನ್‌ಗಳಲ್ಲಿ 2020ರ ನವೆಂಬರ್ 12ರಂದು ದೊರೆತ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. 2025ರ ಜೂನ್ 5ರಂದು ‘ಸ್ವಿಚ್ 2’ ಬಿಡುಗಡೆಯಾದ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ. ಹೊರದೇಶದಿಂದ ತರಿಸಿಕೊಂಡವರಿಗೆ ಊರಿನ ಸಮೀಪ ಅಧಿಕೃತ ದುರಸ್ತಿಯ ಆಸರೆಯೂ ಇಲ್ಲ.

ಕಂಪನಿಗೆ ಇತರ ಆಟಗಳ ಪಾಲಿದೆ. ಗ್ರಾಹಕನಿಗೆ ಅಂಥ ಆಸರೆಯಿಲ್ಲ. ಆಟದ ಆಸೆಗೆ ಯಂತ್ರ ಕೊಂಡವನ ಹಣ ಆಗಲೇ ಸಂದಾಯವಾಗಿರುತ್ತದೆ. ‘ಮೆಟ್ರಾಯ್ಡ್ ಪ್ರೈಮ್ 4’ ಘೋಷಣೆಯಾದಾಗ ತೋರಿಸಿದ್ದು ಲಾಂಛನ ಮಾತ್ರ; ಅದು ಸ್ವಿಚ್ ಮಾರುಕಟ್ಟೆಗೆ ಬಂದ ಮೊದಲ ವರ್ಷ. 2019ರ ಜನವರಿಯಲ್ಲಿ ಕೆಲಸವನ್ನು ಮೊದಲಿನಿಂದ ಆರಂಭಿಸುವುದಾಗಿ ಕಂಪನಿಯೇ ಒಪ್ಪಿಕೊಂಡಿತು. ಆಟ ಬರುವಷ್ಟರಲ್ಲಿ ಆ ಯಂತ್ರದ ಉತ್ತರಾಧಿಕಾರಿಯೇ ಅಂಗಡಿಯಲ್ಲಿತ್ತು.

ಹಾಗಾಗಿ ಆಕ್ಷೇಪಿಸಬೇಕಾದದ್ದು ಮುಂದೂಡಿಕೆಯನ್ನಲ್ಲ, ಅವಸರದ ಘೋಷಣೆಯನ್ನು. ಆಟ ಮಾಗಲು ಸಮಯ ಬೇಕು, ನಿಜ. ಆದರೆ ಮಾಗದ ಆಟವನ್ನು ತೋರಿಸಿ ಯಂತ್ರ ಮಾರುವಾಗ ಆ ಸಮಯದ ಬೆಲೆ ತೆರುವವನು ಗ್ರಾಹಕ. ಆಡಬೇಕಾದ ಆಟ ಅಂಗಡಿಗೆ ಬಂದ ಮೇಲೆಯೇ ಯಂತ್ರಕ್ಕೆ ಹಣ ತೆಗೆಯುವುದು ಅವನ ಕೈಯಲ್ಲಿರುವ ಏಕೈಕ ಅಸ್ತ್ರ.